ಟಾಕಿಯ ಮುಚ್ಚಳ

ಕೋಟಿನ ಅಸ್ತರು ಬಿಚ್ಚುತ್ತಿದ್ದ ರೇಣುಕವ್ವನ ಕೈಯಿಂದ ಏನೋ ಜಾರಿ ಟಣ್ಣೆಂದು ನೆಲಕ್ಕೆ ಬಿತ್ತು. ಉರುಳಿಕೊಂಡು ಹೋಗಿ ಗಂಡನ ಕಾಲ ಹತ್ತಿರ ಅಡ್ಡಬಿತ್ತು.

“ಇದೇನ್ರಿ ಇದು? ಕಿಸೆ ಹರದು ಅಸ್ತರದೊಳಗ ಇಳದು ಕುಂತಿತ್ತು ನೋಡ್ರಿ. ನಟ್ಟು ಬಿಚ್ಚೂ ಪಾನಾ, ಮೊಳಿ, ಎಲ್ಲಾ ಇದರಾಗ ತುಂಬಕೊಂಡು ಅಡ್ಡಾಡತೀರಿ. ಹರೀದ ಏನ ಮಾಡೀತು?”

ಭಾಗಪ್ಪ ಬಗ್ಗಿ ಎತ್ತಿಕೊಂಡ. ಹಿತ್ತಾಳೆ ಮುಚ್ಚಳ. ನಡುವೆ ಗಾಳಿಯಾಡಲು ಸೂಜಿಯಷ್ಟು ತೂತು. ಅವನು ಎರಡನೇ ಸಲ ನೋಡಬೇಕಾಗಿರಲಿಲ್ಲ. ಭೂತನಾಳ ಕೆರೆಯ ಮೋಟಾರು ದೋಣಿಯ ಪೆಟ್ರೋಲ್ ಟಾಕಿಯ ಮುಚ್ಚಳ ಅದು, ಹೋದ ವರ್ಷ ಕಳೆದದ್ದು. ಅದನ್ನು ಶೆಡ್ಡಿನ ಕಸಗುಡಿಸುವ ಮಾಳವ್ವ ಕೆರೆಗೆ ಒಗೆದಾಳ ಎಂದು ಓವರಸೀರ ಸಾಹೇಬರ ಮುಂದೆ ಹೇಳಿದವನು ಇವನೇ.

“ಏನಿಲ್ಲ, ಹಳೇ ಸಾಮಾನ” ಎಂದು ಅಂಗಿಯ ಕಿಸೆಗೆ ಹಾಕಿಕೊಂಡ. ಹೆಂಡತಿ ಮತ್ತೆ ಅಸ್ತರು ಬಿಚ್ಚತೊಡಗಿದಳು. ಅವನ ಕಿವಿ ಮಾತ್ರ ಕಾದ ಹಂಚಾಗಿದ್ದವು.

ಅವತ್ತು ನೀರು ತುಂಬುವ ಹಬ್ಬ. ನಾಳೆ ದೀಪಾವಳಿಯ ಎಣ್ಣೆ ನೀರು. ಊರಿನ ಹೆಂಗಸರೆಲ್ಲ ಹಂಡೆ, ಹರವಿ, ಕೊಡ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಬಾವಿಯ ದಾರಿ ಹಿಡಿದಿದ್ದರು. ಭಾಗಪ್ಪನಿಗೂ ಪ್ರತಿ ವರ್ಷ ಇದೇ ದಿನ ಒಂದು ಕೆಲಸವಿತ್ತು, ಇಂಜಿನ್ನು ಮಲಗಿಸುವುದು. ಲಡಾಯಿ ಸುರುವಾದಾಗಿನಿಂದ ಪೆಟ್ರೋಲಿಗೆ ರೇಶನ್ನಿನ ಚೀಟಿ. ಆ ಚೀಟಿ ಬರುವುದು ಮಳೆಗಾಲಕ್ಕಷ್ಟೇ, ತೂಬಿನ ಬಾಯಿಗೆ ಬಂದು ತುಂಬುವ ಜೊಂಡು ತೆಗೆಯಲಿಕ್ಕೆ. ಚಳಿ ಬಿತ್ತೆಂದರೆ ದೋಣಿ ತಗಡಿನ ಶೆಡ್ಡಿಗೆ ಸೇರಬೇಕು, ಮುಂದಿನ ಮಳೆಯ ತನಕ ಏಳಬಾರದು.

ಶೆಡ್ಡಿನಲ್ಲಿ ಅವನು ಎಂದಿನಂತೆ ಕೆಲಸ ಹಿಡಿದ. ಟಾಕಿಯ ಪೆಟ್ರೋಲನ್ನೆಲ್ಲ ಡಬ್ಬಿಗೆ ಇಳಿಸಿದ. ಕಾರ್ಬೊರೇಟರಿನ ತಳದ ಬಟ್ಟಲು ಬಿಚ್ಚಿ ಒರೆಸಿದ. ಇಂಜಿನ್ನಿನ ಮೈಯೊಳಗಿನ ನೀರಿನ ತೋಟಿ ತಿರುಗಿಸಿದ. ಮೊದಲು ಕೆಸರು, ಆಮೇಲೆ ತಿಳಿ, ಆಮೇಲೆ ಬರೀ ಹನಿ. ಪ್ಲಗ್ಗು ಕಿತ್ತು ಒಳಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಒಳಗೆಲ್ಲ ಹತ್ತಲಿ ಎಂದು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದ. ಹೊಗೆಕೊಳವೆಯ ಬಾಯಿಗೆ ಅರಿವೆ ತುರುಕಿದ. ಕೈ ತಾವೇ ಬಲ್ಲವು. ವಿಜಾಪುರದ ತನಕ ‘ಇಂಜಿನ್ನು ಅಂದರ ಭಾಗಪ್ಪ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಹೋದ ವರ್ಷವೂ ಎಲ್ಲ ಹೀಗೇ ಮಾಡಿದ್ದ. ಖಾಲಿ ಟಾಕಿಯೊಳಗಿನ ಹಸಿ ಆರಲಿ ಎಂದು ಮುಚ್ಚಳ ತೆಗೆದು ಕೋಟಿನ ಕಿಸೆಗೆ ಹಾಕಿದ್ದ. ಅಷ್ಟರಲ್ಲಿ ಹಬ್ಬದ ಅಡಿಗೆಗೆ ಕರೆ ಬಂತು, ಹೋದ. ಅಷ್ಟೇ. ಟಾಕಿ ಏಳು ತಿಂಗಳು ಬಾಯಿ ತೆರೆದುಕೊಂಡು ಕೂತಿತ್ತು, ಮೇಲಿನ ತಗಡಿನಲ್ಲಿ ಮೊಳೆ ಹಾರಿದ ತೂತಿತ್ತು. ಬೇಸಿಗೆಯ ಗುಡುಗು ಮಳೆಗೆ ಇನ್ನೇನು ಬೇಕು?

ಜೂನಿನಲ್ಲಿ ನೋಡಿದರೆ ಟಾಕಿಯ ತುಂಬ ನೀರು, ಕೊಳವೆಯ ತುಂಬ ತುಕ್ಕು. ಇಂಜಿನ್ನು ಕೆಮ್ಮಲೂ ಇಲ್ಲ. ಸಾಹೇಬರು ಕೆಂಡವಾಗಿದ್ದರು. ಆಗ ಭಾಗಪ್ಪನಿಗೆ ಹೊಳೆದದ್ದು ಮಾಳವ್ವ. ಶೆಡ್ಡು ಗುಡಿಸುವ ಮುದುಕಿ. ನೀರು ತುಂಬುವ ದಿನ ಬರಿ ಪಾತ್ರೆ ಕಂಡರೆ ಆಕೆಗೆ ತಡೆಯದು; ಶೆಡ್ಡಿನ ಬಕೀಟು, ಗಡಿಗೆ, ಸಾಹೇಬರ ಮಸಿಕುಡಿಕೆ ತೊಳೆಯುವ ತಟ್ಟೆಯನ್ನೂ ತುಂಬಿ ಮೇಲೊಂದು ಚೆಂಡು ಹೂ ಇಡುವವಳು. “ಆಕೀನ ಸಾಹೇಬ್ರ. ಖಾಲಿ ಟಾಕಿ ಕಂಡು ನೀರ ತುಂಬಿ, ಮುಚ್ಚಳ ಕೆರಿಗೆ ಒಗದಿರಬೇಕು” ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಹಾಗೇ ನಂಬಿದ್ದ. ತನ್ನ ಕೈ ತಪ್ಪೀತು ಎಂಬ ವಿಚಾರವೇ ಅವನಿಗೆ ಬಂದಿರಲಿಲ್ಲ.

“ಹಡಗಕ್ಕ ಹೂವ ಇಟ್ಟೇನ್ರಿ, ನೀರ ಹಾಕಿಲ್ಲರಿ” ಎಂದು ಮಾಳವ್ವ ಎರಡು ದಿನ ಗೋಗರೆದಳು. ಕೇಳುವವರು ನಕ್ಕರು. ಮೂರನೇ ದಿನ, “ಹಾಕಿದ್ರೂ ಹಾಕಿರಬೇಕರಿ, ವಯಸ್ಸಾತು” ಅಂದಳು. ಕೆಲಸ ಹೋಯಿತು. ಊರ ಹುಡುಗರು ಲಾಟೀನು ಹಿಡಿದು ಅವಳ ಹಿಂದೆ ಬೀಳುತ್ತಿದ್ದರು: “ಮಾಳವ್ವಾ, ಇದಕ್ಕೂ ಎಣ್ಣಿ ಬದ್ಲಿ ನೀರ ತುಂಬ ಬೇ!” ಆಗ ಭಾಗಪ್ಪನೂ ನಕ್ಕಿದ್ದ. ಈಗ ಚಕ್ರದ ಮೇಲೆ ಕೈಯಿಟ್ಟು ಕೂತವನಿಗೆ ಆ ನಗೆಯೇ ನೆನಪಾಯಿತು. ಥೂ ನನ್ನ ಜನ್ಮಕ್ಕಷ್ಟು ಎಂದುಕೊಂಡ.

ಮಧ್ಯಾಹ್ನ ಸಾಹೇಬರು ಸೈಕಲ್ಲಿನ ಮೇಲೆ ಬಂದರು. ಇಂಜಿನ್ನು ನೋಡಿದರು, ಡಬ್ಬಿ ಎಣಿಸಿದರು.

“ಭೇಷ್. ಹೊಸಾ ಮುಚ್ಚಳ ಬಿಗಿ ಹಾಕೀದಿ ಹೌದಲ್ಲೋ? ಮತ್ತ ಆ ಮುದುಕಿ ಬಂದು ಹಬ್ಬ ಮಾಡ್ಯಾಳು!”

ಹಿತ್ತಾಳೆ ಮುಚ್ಚಳ ಅಂಗಿಯ ಕಿಸೆಯಲ್ಲಿ ಎದೆಗೆ ಒತ್ತುತ್ತಿತ್ತು. ಹೇಳಿದರೆ ಕೆಲಸ ಹೋದೀತು. ಅದಕ್ಕಿಂತ ಹೆಸರು ಹೋದೀತು.

“ಹೌದ್ರಿ ಸಾಹೇಬ್ರ” ಎಂದು ಭಾಗಪ್ಪ ಹಲ್ಲು ಕಿಸಿದ.

ಸೈಕಲ್ಲು ದಿಬ್ಬ ಇಳಿದು ಮರೆಯಾದ ಮೇಲೂ ಆ ಹಲ್ಲು ಕಿಸಿದ ಮುಖ ಹಾಗೇ ಅಂಟಿಕೊಂಡಿದೆ ಎನಿಸಿ, ಎಣ್ಣೆಗೈಯಲ್ಲೇ ಒರೆಸಿಕೊಂಡ. ಶೆಡ್ಡಿಗೆ ಕೀಲಿ ಹಾಕಿದವನು ಮನೆಗೆ ಹೋಗಲಿಲ್ಲ.

ಮಾಳವ್ವ ಬಾಗಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಈಗ ಅವಳು ತೊರವಿಯ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಾಳೆ, ಬೆನ್ನು ಬಾಗಿದೆ. ಅಕ್ಕಪಕ್ಕದ ಮನೆಗಳ ಮುಂದೆ ಪಟ್ಟೆ ಎಳೆದ ಕೊಡಗಳು. ಇವಳ ಗೋಡೆಗೆ ಒಂದು ಹರವಿ, ಒಂದು ಕೊಡ, ಎರಡೂ ಬೋರಲು.

“ಬಾ ಯಪ್ಪಾ. ಕುಂದ್ರು.”

“ನೀರ ತುಂಬಿಲ್ಲೇನು ಯವ್ವಾ?”

“ನಂದು ಆ ಹಬ್ಬ ಮುಗೀತು, ಬಿಡು.”

ಭಾಗಪ್ಪ ಕೂರಲಿಲ್ಲ. “ಯವ್ವಾ, ಟಾಕ್ಯಾಗ ನೀ ನೀರ ಹಾಕಿದ್ದಿಲ್ಲ. ಮುಚ್ಚಳ ನಾನ ತಗದಿದ್ದೆ. ತಪ್ಪ ನಂದು” ಎಂದ. ಒಂದೇ ಉಸಿರಿಗೆ ಅಂದುಬಿಟ್ಟ.

ಮಾಳವ್ವ ಮೊರ ಕೆಳಗಿಟ್ಟು ಅವನ ಮುಖ ನೋಡಿದಳು. ಕಣ್ಣು ತುಂಬಿ ಬಂದವು. ಪಕ್ಕದ ಮನೆಯ ಪರಸವ್ವ ಅಂಗಳ ಸಾರಿಸುತ್ತಿದ್ದಳು, ಅವಳನ್ನು ಕೂಗಿದಳು.

“ಏ ಪರಸವ್ವಾ, ಕೇಳಿದೇನ ಬೇ? ಹಬ್ಬದ ದಿನ ಮುದುಕಿ ಮನಸಿಗೆ ಸಮಾಧಾನ ಆಗಲಿ ಅಂತ ನನ್ನ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ. ಇಂಜಿನ್ನದಾಗ ಈ ಭಾಗಪ್ಪ ತಪ್ಪತಾನಂದ್ರ ಯಾರ ನಂಬ್ಯಾರು? ಎಂಥಾ ದೊಡ್ಡ ಮನಸು ಯಪ್ಪಾ ನಿಂದು! ನಿನ್ನ ಮಕ್ಕಳು ಮರಿ ತಣ್ಣಗಿರಲಿ.”

ಪರಸವ್ವನೂ ಸೆರಗು ಕಣ್ಣಿಗೆ ಒತ್ತಿ ಹೌದೌದೆಂದಳು.

ಭಾಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಂದದ್ದಾಯಿತು, ಹೇಳಿದ್ದಾಯಿತು, ಇಲ್ಲಿಂದಲೇ ತಿರುಗಿ ಹೋದರೆ ಮೊದಲಿಗಿಂತ ದೊಡ್ಡ ಹೆಸರು. ಒಂದು ಗಳಿಗೆ ಆ ಆಸೆ ಬಂದದ್ದೂ ನಿಜ. ಅದು ಬಂದದ್ದಕ್ಕೇ ಅವನಿಗೆ ಹೇಸಿಗೆಯಾಯಿತು. ಬೋರಲು ಬಿದ್ದ ಕೊಡವನ್ನು ಎತ್ತಿಕೊಂಡು ಬಾವಿಯ ಕಡೆ ನಡೆದುಬಿಟ್ಟ.

ಬಾವಿಕಟ್ಟೆಯ ಮೇಲೆ ಹತ್ತಿಪ್ಪತ್ತು ಹೆಂಗಸರು. ಕಾಶಿಬಾಯಿ ಹಗ್ಗ ಬಿಟ್ಟು ನಕ್ಕಳು.

“ಇದೇನೋ ಭಾಗಪ್ಪಾ, ಗಂಡಸರೂ ನೀರ ತುಂಬೂ ಹಬ್ಬ ಹಿಡದ್ರೇನು? ಯಾರ ಕೊಡ ಇದು?”

“ಮಾಳವ್ವಂದು” ಎಂದ ಭಾಗಪ್ಪ. ದನಿ ತಾನಾಗಿ ಏರಿತು. “ಆಕಿ ಟಾಕ್ಯಾಗ ನೀರ ಹಾಕಿದ್ದಿಲ್ಲ. ಮುಚ್ಚಳ ನನ್ನ ಕೋಟಿನಾಗ ಸಿಕ್ಕೈತಿ. ನೋಡ್ರಿ.” ಕಿಸೆಯಿಂದ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. “ಸಾಹೇಬ್ರಿಗೂ ನಾಳಿಗೆ ಹೇಳತೇನಿ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. ಕಾಶಿಬಾಯಿ ತನ್ನ ಕೊಡ ಸರಿಸಿ, ಸುಮ್ಮನೆ ಹಗ್ಗವನ್ನು ಅವನ ಕೈಗೆ ಕೊಟ್ಟಳು.

ತುಂಬಿದ ಕೊಡ ಹೆಗಲಿಗೇರಿಸಿ ಬಂದು ಮಾಳವ್ವನ ಮುಂದೆ ನಿಂತ. ಮುಚ್ಚಳವನ್ನು ಅವಳ ಅಂಗೈಯಲ್ಲಿಟ್ಟ. ಮುದುಕಿ ಅದನ್ನು ತಿರುವಿ ತಿರುವಿ ನೋಡಿದಳು, ಎಷ್ಟೋ ವರ್ಷ ಒರೆಸಿದ ಸಾಮಾನು, ಗುರುತಿತ್ತು.

“ಎಲ್ಲಿತ್ತು?”

“ನನ್ನ ಕೋಟಿನಾಗ.”

“ಹಂಗಾರ… ನಾ ಹಾಕಿದ್ದಿಲ್ಲ?”

“ಇಲ್ಲ ಯವ್ವಾ.”

ಮಾಳವ್ವ ಮುಚ್ಚಳವನ್ನೇ ನೋಡುತ್ತ ಮಾತಾಡಿದಳು. ಅವನಿಗೆ ಹೇಳಿದಂತೆಯೂ ಇರಲಿಲ್ಲ.

“ತಿಕೋಟಾದಾಗ ಮಗಳು ಹಡದು ಎರಡು ತಿಂಗಳಾತು. ಕೂಸಿಗೆ ನೀರ ಎರಿಯಾಕ ಬಾ ಅಂತ ಮೂರು ಸಲ ಹೇಳಿ ಕಳಿಸಿದ್ಲು. ನಾ ಹೋಗಲಿಲ್ಲ. ಎಲ್ಲಿ ಏನ ಸುರವತೇನಿ ಅನ್ನೂದು ನನಗ ನೆನಪಿರೂದಿಲ್ಲಲಾ, ಕುದಿಯೂ ನೀರ ಕೂಸಿನ ಮ್ಯಾಲ ಹಾಕಿದ್ರ ಹ್ಯಾಂಗಂತ ಅಂಜಿ…”

ಮುಚ್ಚಳವನ್ನು ಹೊಸ್ತಿಲ ಮೇಲಿಟ್ಟು ಎದ್ದಳು. ಬೋರಲು ಹಾಕಿದ್ದ ಹರವಿಯನ್ನು ಎರಡೂ ಕೈಯಿಂದ ಎತ್ತಿ ನೆಟ್ಟಗೆ ನಿಲ್ಲಿಸಿದಳು. ಒಳಗೆ ಜೇಡ ಬಲೆ ಕಟ್ಟಿತ್ತು. ಸೆರಗಿನಿಂದ ಅದನ್ನು ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಸುರಿ ಎಂದು ಹೇಳಲಿಲ್ಲ, ಕೊಡ ಇಳಿಸು ಎಂದೂ ಹೇಳಲಿಲ್ಲ. ಭಾಗಪ್ಪ ನಿಂತೇ ಇದ್ದ. ತುಳುಕಿದ ನೀರು ಅವನ ಅಂಗಿಯ ತೋಳಿನೊಳಗೆ ತಣ್ಣಗೆ ಇಳಿಯುತ್ತಿತ್ತು.