ಹಿಮದಲ್ಲಿ ಬಿದ್ದ ಕರಡಿಗೆ

ಪರದೇಶದ ವಿಟ್ಬಿಯಲ್ಲಿರುವ ಮಗನ ಮನೆಯಂಗಳದಲ್ಲಿ ದಾರ ಹರಿದು, ದಾನವ್ವನ ಕೊರಳಿನ ಬೆಳ್ಳಿ ಕರಡಿಗೆ ಇಷ್ಟಲಿಂಗದ ಸಮೇತ ಹಿಮದ ಪಾಲಾಗಿ ಮೂರು ದಿನವಾಗಿತ್ತು. ಲಿಂಗಪೂಜೆಯಾಗದೆ ಅನ್ನ ಮುಟ್ಟದ ಮುದುಕಿ ಬರೀ ನೀರು ಕುಡಿದುಕೊಂಡಿದ್ದಳು.

"ಸ್ನೋ ಕರಗಿದ ಮ್ಯಾಲ ಸಿಗತೈತಿ ಬಿಡವ್ವಾ, ಈಗ ಉಣ್ಣು" ಎಂದು ಮಗ ನಿಜಗುಣ ದಿನಾ ಓವರ್‌ಟೈಮಿಗೆ ಹೋಗುತ್ತಲೇ ಇದ್ದ.

ಶನಿವಾರ ಮಧ್ಯಾಹ್ನ ಬಾಡಿಗೆಯ ಮೆಟಲ್ ಡಿಟೆಕ್ಟರ್ ಹಿಡಿದು ಅಂಗಳಕ್ಕಿಳಿದ. ಐದೇ ನಿಮಿಷಕ್ಕೆ ಅದು ಕೂಗಿತು. ಅವನೇ ಸಲಿಕೆಯಿಂದ ಎತ್ತಿ ಒಟ್ಟಿದ್ದ ಹಿಮದ ಗುಡ್ಡೆಯೊಳಗೆ ಕರಡಿಗೆ ಇತ್ತು.

ದಾನವ್ವ ಅದನ್ನು ಕಣ್ಣಿಗೊತ್ತಿಕೊಂಡು ಮಗನತ್ತ ತಿರುಗಿದಳು. "ಥಂಡ್ಯಾಗ ನಿಂತ ಬಂದಿ, ಮೊದಲ ನೀ ಉಣ್ಣು ನನ್ನಪ್ಪಾ. ನಂದು ಪೂಜಿ ಆದಮ್ಯಾಲ ಆಗತೈತಿ" ಎಂದಳು.

ನಿಜಗುಣ ತಲೆ ಎತ್ತಲಿಲ್ಲ. ಅವನು ಹೊಟ್ಟೆ ತುಂಬ ಉಂಡೇ ಹುಡುಕಲು ಹೊರಟಿದ್ದ.