ಡೆಕ್ಲನ್ ಅಂಗಡಿಯ ಅಗ್ಗದ ಪಿಸ್ತೂಲು

ಐರ್ಲೆಂಡಿನ ವಾಟರ್‌ಫರ್ಡ್ ಊರಿನ ಕನ್ನಡಿಗರಲ್ಲಿ ಯಾರು ಏನು ಕೊಂಡರೂ ಡಾಕ್ಟರ್ ಹೇಮಚಂದ್ರನಿಗೆ ತೋರಿಸುವುದು ವಾಡಿಕೆ. ತೋರಿಸದಿದ್ದರೆ ಅವನೇ ಬಂದು ನೋಡುತ್ತಿದ್ದ. ಸೋಫಾ ಆಗಲಿ, ಹಳೆ ಕಾರಾಗಲಿ, ಮಗಳ ಪಿಟೀಲಾಗಲಿ, ಮೊದಲ ಪ್ರಶ್ನೆ "ಎಷ್ಟು ಕೊಟ್ಟೆ?" ಎಂಬುದೇ. ಉತ್ತರ ಏನು ಬಂದರೂ ಅವನ ಹುಬ್ಬು ಕೂದಲೆಳೆಯಷ್ಟು ಮೇಲೇರುತ್ತಿತ್ತು. "ಪರವಾಗಿಲ್ಲ ಬಿಡು" ಅಂದನೆಂದರೆ ಕೊಂಡವನು ಮೋಸ ಹೋಗಿದ್ದಾನೆ ಎಂದರ್ಥ. "ಇರಲಿ" ಅಂದರೆ ಪೂರ್ತಿ ಮುಳುಗಿದ್ದಾನೆ ಎಂದು. ಕೆಲವರು ಹುಷಾರಾಗಿ ಬೆಲೆಯನ್ನು ಇಳಿಸಿ ಹೇಳುವ ಅಭ್ಯಾಸ ಮಾಡಿಕೊಂಡಿದ್ದರು. ಹುಬ್ಬು ಅದಕ್ಕೂ ಏರುತ್ತಿತ್ತು.

ಅವನು ಅರಿವಳಿಕೆ ತಜ್ಞ. ಊರಿನ ದೊಡ್ಡಾಸ್ಪತ್ರೆಯಲ್ಲಿ ಜನರನ್ನು ಮಲಗಿಸಿ ಎಬ್ಬಿಸುವುದು ಅವನ ಕೆಲಸ. ಎಚ್ಚರವಿರುವವರು ಇವನಿಗೆ ಸಂಜೆ ಮೇಲಷ್ಟೇ ಸಿಗುತ್ತಾರೆ, ಹಾಗಾಗಿ ದಿನವೆಲ್ಲ ಕಟ್ಟಿಟ್ಟ ಅಭಿಪ್ರಾಯ ಒಟ್ಟಿಗೇ ಹೊರಬರುತ್ತದೆ ಎಂದು ಅವನ ಗೆಳೆಯ ಶ್ರೀನಿಧಿ ಹೇಳುತ್ತಿದ್ದ.

ಈ ಶ್ರೀನಿಧಿ ಮೈಸೂರಿನವನು. ಆಸ್ಪತ್ರೆಯ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಎಂಜಿನಿಯರ್. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವನು. ಪಿಸ್ತೂಲು ಇದ್ದದ್ದು ಅಧಿಕಾರಿಯ ಸೊಂಟದಲ್ಲಿ ಮಾತ್ರ, ಮುಟ್ಟುವ ಮಾತೇ ಇರಲಿಲ್ಲ. ಆ ಸೊಂಟದ ಮೇಲೆ ಬಿದ್ದ ಕಣ್ಣು ಐವತ್ತು ದಾಟಿದರೂ ಹಿಂದಕ್ಕೆ ಬಂದಿರಲಿಲ್ಲ. ಇದನ್ನು ಕೇಳಿ ಹೇಮಚಂದ್ರನೇ ಅವನನ್ನು ತಾನಿದ್ದ ಪಿಸ್ತೂಲ್ ಕ್ಲಬ್ಬಿಗೆ ಸೇರಿಸಿದ್ದ. ಶನಿವಾರಗಳಂದು ಇಬ್ಬರೂ ಊರಾಚೆ ಹೋಗಿ ಕಾಗದದ ಗುರಿಗೆ ಹೊಡೆದು, ಪಕ್ಕದ ಪಬ್ಬಿನಲ್ಲಿ ಸೂಪು ಕುಡಿದು ಬರುತ್ತಿದ್ದರು. ಹೇಮಚಂದ್ರನ ಕೈಯಲ್ಲಿ ದುಬಾರಿ ಜರ್ಮನ್ ಪಿಸ್ತೂಲು, ಶ್ರೀನಿಧಿಯ ಕೈಯಲ್ಲಿ ಕ್ಲಬ್ಬಿನ ಎರವಲು. ತನ್ನದೇ ಒಂದು ಇರಬೇಕು, ಅದೂ ಹಳೆ ಮಿಲಿಟರಿ ಠೀವಿಯದೇ ಇರಬೇಕು ಎಂಬುದು ಅವನ ಆಸೆ. ಬೇರೆ ಆಸೆಗಳನ್ನು ಅವನು ಹೇಳಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ.

ಐರ್ಲೆಂಡಿನಲ್ಲಿ ಪಿಸ್ತೂಲು ಕೊಳ್ಳುವುದೆಂದರೆ ಹೆಣ್ಣು ನೋಡಿದ ಹಾಗೆ. ಮೊದಲು ಇದೇ ಎಂದು ಒಪ್ಪಬೇಕು, ಆಮೇಲೆ ಅದೊಂದರ ಹೆಸರಿಗೇ ಪರವಾನಗಿ ಕೇಳಬೇಕು. ಗಾರ್ಡಾ, ಅಂದರೆ ಅಲ್ಲಿನ ಪೊಲೀಸರು, ಮನೆಗೆ ಬಂದು ಕಬ್ಬಿಣದ ಪೆಟ್ಟಿಗೆ, ಅಲಾರಂ ಎಲ್ಲ ನೋಡಿ ಹೋಗಿ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅಲ್ಲಿಯವರೆಗೂ ಅದು ಅಂಗಡಿಯಲ್ಲೇ ಕಾದಿರುತ್ತದೆ.

ಒಂದು ಶರತ್ಕಾಲದಲ್ಲಿ, ಡೆಕ್ಲನ್ ಎಂಬವನ ಬಂದೂಕಿನಂಗಡಿಗೆ ತನ್ನ ಆಸೆಯಂಥದೊಂದು ಬಂದಿದೆ ಎಂದು ಶ್ರೀನಿಧಿ ಹೇಮಚಂದ್ರನನ್ನು ಕರೆದುಕೊಂಡು ಹೋದ. ಡೆಕ್ಲನ್ ಅದನ್ನು ಹಸಿರು ಬಟ್ಟೆಯ ಮೇಲಿಟ್ಟ. ನೂರು ವರ್ಷ ಹಳೆಯ ಸೈನ್ಯದ ಪಿಸ್ತೂಲಿನ ಅಚ್ಚು. ಆದರೆ ಒಳಗೆಲ್ಲ ಸಣ್ಣ ಗುಂಡಿನದು, ಅಗ್ಗದ ಲೋಹದ್ದು, ಮರದಂತೆ ಕಾಣುವ ಪ್ಲಾಸ್ಟಿಕ್ ಹಿಡಿಯದು. ಹೇಮಚಂದ್ರ ಅದು ಖಾಲಿಯೆಂದು ನೋಡಿಕೊಂಡು ಕೈಗೆತ್ತಿಕೊಂಡ. ಸಂತೆಯಲ್ಲಿ ತೆಂಗಿನಕಾಯಿಯ ನೀರು ನೋಡುವವರಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮೇಲಿನ ಸ್ಲೈಡು ಗಲಗಲ ಅಂದಿತು. ಹುಬ್ಬು ಏರಿತು. ಈ ನಮೂನೆ ಸ್ವಲ್ಪ ಸಡಿಲವಿದ್ದರೇ ಸಿಕ್ಕಿಕೊಳ್ಳದೆ ಓಡುವುದು, ಗ್ರ್ಯಾಂಡ್ ಆಗಿದೆ ಎಂದು ಡೆಕ್ಲನ್ ಹೇಳಿದ. ಮಾರುವವನು ಇನ್ನೇನು ಹೇಳಿಯಾನು ಎಂದು ಹೇಮಚಂದ್ರ ಕನ್ನಡದಲ್ಲಿ ಅಂದ. ಟ್ರಿಗರ್ ಎಳೆದು, ಕೆಸರಿನಲ್ಲಿ ಕಾಲು ಕಿತ್ತ ಹಾಗಿದೆ ಎಂದ. ಹಿಡಿಯ ಮೇಲೆ ಉಗುರು ಗೀಚಿ ಮುಖ ಸಿಂಡರಿಸಿದ.

"ನೀನು ಹಿಡಿದು ನೋಡು," ಎಂದು ಗೆಳೆಯನಿಗೆ ಕೊಟ್ಟ.

ಶ್ರೀನಿಧಿ ಕೈ ಚಾಚಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದ. ಸ್ವಲ್ಪ ಹೊತ್ತಿಗೆ ಪಿಸ್ತೂಲಿನ ಮೂತಿ ಸಣ್ಣಗೆ ತೂಗಾಡತೊಡಗಿತು.

"ನೋಡ್ದಾ? ಬ್ಯಾಲೆನ್ಸೇ ಇಲ್ಲ. ಮುಂದೆ ತೂಕ ಇಲ್ಲ, ಅದಕ್ಕೇ ಅಲ್ಲಾಡ್ತಿದೆ," ಎಂದ ಹೇಮಚಂದ್ರ.

ಶ್ರೀನಿಧಿ ಅದನ್ನು ಬಟ್ಟೆಯ ಮೇಲಿಟ್ಟು ನಿಂತ. ಮೇಜಿನ ಮೇಲೆ ಸುಮ್ಮನೆ ಇದ್ದ ಅವನ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಹೂಬತ್ತಿ ಹೊಸೆದಂತೆ. ಹೇಮಚಂದ್ರ ಅದನ್ನು ನೋಡಿದ. ಪಾಪ, ದುಡ್ಡಿನ ಲೆಕ್ಕ ಹಾಕುತ್ತಿದ್ದಾನೆ ಅಂದುಕೊಂಡ.

"ದುಡ್ಡಿನ ಮುಖ ನೋಡ್ಬೇಡ ಕಣೋ. ಇಷ್ಟು ವರ್ಷ ಕಾದಿದೀಯ, ಇನ್ನೊಂದು ವರ್ಷ ಕಾಯಿ. ಒಳ್ಳೇದೇ ತರಿಸೋಣ."

"ಹಂಗಂತೀಯಾ?" ಎಂದ ಶ್ರೀನಿಧಿ.

"ಹಂಗೇ."

ಶ್ರೀನಿಧಿ ಡೆಕ್ಲನ್‌ನ ಕ್ಷಮೆ ಕೇಳಿ ಹೊರಬಂದ. ತರಿಸಲು ಹೇಳಿದ ಒಳ್ಳೆಯ ಪಿಸ್ತೂಲು ಚಳಿಗಾಲ ಮುಗಿದ ಮೇಲೆ ಬಂತು. ಅದಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವನು ಭುಜ ಹಿಡಿದುಕೊಂಡಿದೆ ಎಂದು ಕ್ಲಬ್ಬಿಗೆ ಬರುವುದನ್ನು ಕಡಿಮೆ ಮಾಡಿದ್ದ. ಹೇಮಚಂದ್ರ ಕರೆದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದ. ಹೇಮಚಂದ್ರನ ಪಕ್ಕದ ಜಾಗದಲ್ಲಿ ಈಗ ಒಬ್ಬ ನಿವೃತ್ತ ಶಿಕ್ಷಕಿ ಹೊಡೆಯುತ್ತಿದ್ದಳು. ಡೆಕ್ಲನ್ ಅಂಗಡಿಯ ಆ ಪಿಸ್ತೂಲನ್ನು ಕೊಂಡವಳು ಅವಳೇ.

ಬೇಸಿಗೆಯಲ್ಲಿ ಶ್ರೀನಿಧಿಯ ಹೆಂಡತಿ ಕಾತ್ಯಾಯಿನಿ ಫೋನ್ ಮಾಡಿದಳು. ಡಬ್ಲಿನ್ನಿನಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು, ಪಾರ್ಕಿನ್ಸನ್ ಅಂತೆ ಎಂದಳು. ಅಂಗಿ ಗುಂಡಿ ಹಾಕಿಕೊಳ್ಳುವುದಕ್ಕೂ ಹೊತ್ತು ಹಿಡಿಯುತ್ತದೆ, ಅಕ್ಷರ ಇರುವೆಯಷ್ಟು ಚಿಕ್ಕದಾಗಿದೆ, ಪಿಸ್ತೂಲಿನ ಅರ್ಜಿಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು ಎಂದಳು. ಹೇಮಚಂದ್ರ ಮಾತ್ರೆ, ವ್ಯಾಯಾಮ ಎಂದು ಡಾಕ್ಟರರು ಹೇಳುವುದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು ಕೊನೆಗೆ, ಜಗಳವಾಡುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲೇ ಕೇಳಿದಳು:

"ನೀವು ವಾರಾವಾರ ಅವ್ರ ಕೈನೇ ನೋಡ್ತಾ ನಿಂತಿರ್ತಿದ್ರಲ್ಲ ಹೇಮಣ್ಣ. ನಿಮಗೇನೂ ಅನ್ನಿಸ್ಲಿಲ್ವಾ?"

ಅನ್ನಿಸಿತ್ತು. ಮುಂದೆ ತೂಕ ಕಡಿಮೆ ಎಂದು ಅನ್ನಿಸಿತ್ತು. ಬೆರಳು ಬತ್ತಿ ಹೊಸೆಯುವುದು ಯಾವ ರೋಗದ ಗುರುತೆಂದು ಎಂಬಿಬಿಎಸ್ ಹುಡುಗರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಪರೀಕ್ಷೆಯಲ್ಲಿ ಅವನೂ ಹೇಳಿ ಪಾಸಾಗಿದ್ದ. ಅಂದೇ ಹಿಡಿದಿದ್ದರೆ, ಅಂದೇ ಮಾತ್ರೆ ಶುರುವಾಗಿದ್ದರೆ, ಆ ಕೈ ಇನ್ನೊಂದೆರಡು ವರ್ಷ ಹೇಳಿದ ಮಾತು ಕೇಳುತ್ತಿತ್ತೇನೋ. ಅಥವಾ ಏನನ್ನೂ ಹಿಡಿಯದೆ, ಬಾಯನ್ನಷ್ಟೇ ಮುಚ್ಚಿಕೊಂಡಿದ್ದರೂ ಸಾಕಿತ್ತು. ಒಂದಷ್ಟು ತಿಂಗಳಾದರೂ ಗೆಳೆಯ ತನ್ನ ಪಿಸ್ತೂಲಿನಲ್ಲಿ ಹೊಡೆಯುತ್ತಿದ್ದ. ಇಡೀ ವರ್ಷ ಅವನು ಮಲಗಿದವರ ನಾಡಿ, ಉಸಿರು, ರೆಪ್ಪೆ ನೋಡಿದ್ದ. ಪಕ್ಕದಲ್ಲಿ ಎದ್ದು ನಿಂತವನನ್ನು ಬಿಟ್ಟಿದ್ದ.

ಮುಂದಿನ ಶನಿವಾರ ಅವನು ಆ ಶಿಕ್ಷಕಿಯನ್ನು ಕೇಳಿ ಅವಳ ಪಿಸ್ತೂಲು ತೆಗೆದುಕೊಂಡು ಐದು ಗುಂಡು ಹೊಡೆದ. ಕೆಟ್ಟದ್ದೆಂದು ಗೊತ್ತಾದರೆ ಅಷ್ಟಾದರೂ ಸಮಾಧಾನ ಎಂಬ ಆಸೆ ಅವನದು. ಗುರಿಯ ಹಾಳೆಯನ್ನು ಹತ್ತಿರಕ್ಕೆ ಎಳೆದು ನೋಡಿದರೆ ತೂತುಗಳೆಲ್ಲ ನಡುವಿನ ಕಪ್ಪಿನಲ್ಲಿ ಒತ್ತೊತ್ತಾಗಿ ಕೂತಿದ್ದವು. ಅವನ ಜರ್ಮನ್ ಪಿಸ್ತೂಲು ಇಂಥ ಉಪಕಾರವನ್ನು ಎಂದೂ ಮಾಡಿರಲಿಲ್ಲ. ಈ ಬೆಲೆಗೆ ಇದಕ್ಕಿಂತ ಏನು ಬೇಕು ಎಂದಳು ಶಿಕ್ಷಕಿ. ಹೇಮಚಂದ್ರ ಬೆಲೆ ಕೇಳಲಿಲ್ಲ.

ಶರತ್ಕಾಲದಲ್ಲೊಂದು ದಿನ ಶ್ರೀನಿಧಿ ತಾನಾಗಿಯೇ ಬರುತ್ತೇನೆಂದ. ಹೊಡೆಯುವುದಕ್ಕಲ್ಲ, ಜನರನ್ನು ನೋಡುವುದಕ್ಕೆ. ಕ್ಲಬ್ಬಿನ ಹೀಟರಿನ ಪಕ್ಕ ಕೂತು, ಅರ್ಧ ತುಂಬಿದ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅರ್ಧವೇ ಕೊಡು ಎಂದು ಅವನೇ ಹೇಳಿದ್ದ. ಗೋಡೆಯಾಚೆ ಯಾರೋ ಬಿಟ್ಟುಬಿಟ್ಟು ಹೊಡೆಯುತ್ತಿದ್ದರು. ಮಗಳ ಕಾಲೇಜು, ಕಾರ್ಖಾನೆಯವರು ಕೊಟ್ಟ ಹಗುರ ಕೆಲಸ, ಬಿಸಿಲೇ ಕಾಣದ ಬೇಸಿಗೆ, ಇವುಗಳ ಮಾತೆಲ್ಲ ಮುಗಿದ ಮೇಲೆ ಅವನು ಕೇಳಿದ.

"ನಿಜ ಹೇಳು. ಡೆಕ್ಲನ್ ಅಂಗಡಿದು ಅಷ್ಟು ಕೆಟ್ಟದಾಗಿತ್ತಾ?"

ಯಾರ ವಸ್ತುವಿನ ಬಗೆಗೂ, ಯಾರ ಸಮಾಧಾನಕ್ಕೂ ಹೇಮಚಂದ್ರ ಈವರೆಗೆ ಸುಳ್ಳು ಹೇಳಿದವನಲ್ಲ. ಅದು ತನ್ನ ದೊಡ್ಡ ಗುಣವೆಂದೇ ತಿಳಿದಿದ್ದ.

"ತಗಡು ಕಣೋ," ಎಂದ. "ತಗೊಳ್ದೇ ಇದ್ದಿದ್ದೇ ಒಳ್ಳೇದಾಯ್ತು."

ಶ್ರೀನಿಧಿ ನಕ್ಕ. ನಗು ಮುಖದ ಮೇಲೆ ಮೊದಲಿನಷ್ಟು ಬೇಗ ಹರಡುತ್ತಿರಲಿಲ್ಲ.

"ಇಲ್ಲ, ಚೆನ್ನಾಗಿತ್ತು. ನಾವಿಬ್ರೂ ಹೋಗೋಕೆ ಮುಂಚೆ ನಾನೊಬ್ನೇ ಹೋಗಿ ಬಿಚ್ಚಿ ನೋಡಿದ್ದೆ. ದಿನಾ ಅದೇ ಕೆಲ್ಸ ತಾನೇ ನಂದು."

"ಮತ್ಯಾಕೋ ಬಿಟ್ಟೆ?"

"ಮೈಸೂರಿಂದ ಇಲ್ಲೀವರ್ಗೂ ನನಗೆ ಬೇಕಾದೋನು ನೀನೊಬ್ಬ. ನಿಂಗೂ ತೋರಿಸ್ಬೇಕು ಅನ್ನಿಸ್ತು, ಖುಷಿಗೆ. ನೀನು ಬೇಡ ಅಂದೆ. ಆಮೇಲೆ ತಗೊಂಡಿದ್ರೆ, ಪ್ರತಿ ಶನಿವಾರ ನಿನ್ನ ಮುಖ ನೋಡ್ಕೊಂಡು ಹೊಡೀಬೇಕಾಗ್ತಿತ್ತು. ಗುರಿ ಎಲ್ಲಿ ಹತ್ತುತ್ತೆ?"

ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಹೇಮಚಂದ್ರನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಸಾರಿ ಎಂಬ ಮಾತು ಅವನ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಸೂಜಿ ಚುಚ್ಚುವ ಮುಂಚೆ ಪ್ರತಿಯೊಬ್ಬರಿಗೂ ಹೇಳುವ ಮಾತು. ಇಲ್ಲಿ ಚುಚ್ಚಿ ಒಂದು ವರ್ಷವಾಗಿತ್ತು.