ಏಳಡಿ ಬೆಡ್ಡು

ವೆಲ್ಡರ್ ರಾಯಪ್ಪ ಯಂತ್ರದ ಕಬ್ಬಿಣದ ಬೆಡ್ಡಿನ ನಟ್ಟನಡುವೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದ. ಗ್ಯಾಸ್ ಕಟರಿನ ಪೈಪು ಬಿಡಿಸುತ್ತ ಮನಿಷಾಳ ಮುಖ ನೋಡಿದ.

“ಒಮ್ಮಿ ಕೊಯ್ದರ ಮೊದಲಿನಂಗ ಮಟ್ಟಕ್ಕ ಬರೂದಿಲ್ಲ ನೋಡವಾ. ತಿರುಗಿ ವೆಲ್ಡಿಂಗ್ ಮಾಡಿದ್ರ ಕಬ್ಬಣ ಸೊಟ್ಟ ಆಗತೈತಿ.”

ಅದು ಅವಳಿಗೂ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಬಿಡಿಸಿದ ಬಳ್ಳಿ, ನವಿಲುಗಳನ್ನು ಹಲಗೆಯ ಮೇಲೆ ಕೊರೆಯುವ ಯಂತ್ರ ಅದು. ಹಲಗೆ ಇಡುವ ಅದರ ಮೇಜು, ಅಂದರೆ ಬೆಡ್ಡು, ಕಾಗದದಷ್ಟು ಓರೆಯಾದರೂ ನವಿಲಿಗೆ ಅರ್ಧ ಗರಿ ಮೂಡುತ್ತದೆ, ಅರ್ಧ ಮೂಡುವುದಿಲ್ಲ. ಬೆಳಗಾವಿಯ ಬಡಿಗರು ಖಾನಾಪುರದ ಈ ಮನೆಗೆ ಬಾಗಿಲಿನ ಹಲಗೆಗಳನ್ನು ಹೊತ್ತು ತರುತ್ತಿದ್ದುದೇ ಆ ಗರಿಗಳಿಗಾಗಿ. ಅವಳಿಗೆ ಬೇರೆ ಉದ್ಯೋಗ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೋಟಾರು, ಸ್ಕ್ರೂಗಳನ್ನು ಅವಳೇ ಬೆಳಗಾವಿಯ ಉದ್ಯಮಬಾಗದ ಗುಜರಿಯಲ್ಲಿ ಆರಿಸಿ ತಂದಿದ್ದಳು. ಬೆಡ್ಡು ಮಾತ್ರ ಅಪ್ಪ ಉಳವಪ್ಪನ ಕೈಕೆಲಸ. ಲೋಂಡಾ ಕಡೆಯ ರೈಲು ಹಳಿಗುಂಟ ಮೂವತ್ತು ವರ್ಷ ನಡೆದು, ಸಡಿಲಾದ ಬೋಲ್ಟುಗಳನ್ನು ಬಿಗಿ ಮಾಡಿ ನಿವೃತ್ತನಾದವನು. ಬೋಲ್ಟು ತಿರುವುವ ಅವನ ಉದ್ದನೆಯ ಪಾನಾ ನಡುಮನೆಯ ಮೊಳೆಗೆ ತೂಗುತ್ತಿತ್ತು. ನಾಲ್ಕಡಿ ಅಗಲ ಸಾಕೆಂದು ನಕ್ಷೆ ಬರೆದುಕೊಟ್ಟು ಮನಿಷಾ ಬೆಳಗಾವಿಗೆ ಹದಿನೈದು ದಿನದ ತರಬೇತಿಗೆ ಹೋಗಿದ್ದಳು. ಬರುವಷ್ಟರಲ್ಲಿ ಅಪ್ಪ ಅದೇ ನಡುಮನೆಯಲ್ಲಿ ಏಳಡಿ ಅಗಲದ, ಹತ್ತಡಿ ಉದ್ದದ, ಎಂಟು ಕಾಲಿನ ಬೆಡ್ಡು ನಿಲ್ಲಿಸಿದ್ದ. ಮೇಲೆ ದಪ್ಪ ಕಬ್ಬಿಣದ ಹಾಳೆ, ಕೆಳಗೆಲ್ಲ ತಗಡಿನ ಮುಚ್ಚಿಗೆ, ಅದಕ್ಕೆ ಹಸಿರು ಬಣ್ಣ ಬೇರೆ. ಮನೆಯ ಬಾಗಿಲೋ ಎತ್ತರ ಆರಡಿ, ಅಗಲ ಮೂರಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಓಣಿಯವರು ಛೇಡಿಸಿದರು. ಉಳವಪ್ಪನೂ ಅವರ ಜೊತೆ ನಕ್ಕ.

ಮನಿಷಾಳಿಗೆ ನಗು ಬರಲಿಲ್ಲ. ಬೆಳಗಾವಿಯ ಶಹಾಪುರದಲ್ಲಿ ಒಂದು ಕೋಣೆ ಹಿಡಿದು ಯಂತ್ರವನ್ನು ಅಲ್ಲೇ ಇಟ್ಟುಕೊಳ್ಳುವ ಮಾತನ್ನು ಅವಳು ಎತ್ತಿದ್ದು ಅದೇ ತಿಂಗಳು, ತರಬೇತಿಗೆ ಹೋಗುವ ಮುಂಚೆ. ತಾಯಿಯಿಲ್ಲದ ಮನೆ, ಇದ್ದವರು ಇಬ್ಬರೇ.

“ಇದು ಹೊರಗ ಹೆಂಗ ಹೋಗತೈತಿ ಅಪ್ಪಾ?”

“ಯಾಕ ಹೋಗಬೇಕವಾ?” ಎಂದ ಅಪ್ಪ, ಬ್ರಷ್ಷು ತೊಳೆಯುತ್ತ.

“ನನ್ನ ಕಾಲಿಗೆ ಸರಪಳಿ ಹಾಕೀದಿ ನೀ.”

ಅವನು ಬ್ರಷ್ಷು ತೊಳೆಯುತ್ತಲೇ ಇದ್ದ. ಅಂದಿನಿಂದ ಒಂದೂವರೆ ವರ್ಷ ಅವರ ನಡುವೆ ಮಾತು ಊಟ, ನೀರಿಗಷ್ಟೇ ಉಳಿಯಿತು. ಅಮಾವಾಸ್ಯೆಗೊಮ್ಮೆ ಯಂತ್ರದ ಪೂಜೆ ಮುಗಿಸಿ ಅಪ್ಪ ಗ್ರೀಸಿನ ಡಬ್ಬಿ ಹಿಡಿದು ಬೆಡ್ಡಿನ ಕೆಳಗೆ ನುಸುಳುತ್ತಿದ್ದ. ಅರ್ಧ ತಾಸು ಹೊರಗೆ ಬರುತ್ತಿರಲಿಲ್ಲ. ಅಲ್ಲಿ ಗ್ರೀಸು ಹಚ್ಚುವಂಥದು ಏನಿದೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಮಾತಾಡಿದಂತಾಗುತ್ತಿತ್ತಲ್ಲ! ಕಳೆದ ಅಮಾವಾಸ್ಯೆಯಾಗಿ ನಾಲ್ಕನೆಯ ದಿನ ಅಪ್ಪ ಹಾಸಿಗೆಯಿಂದ ಏಳಲಿಲ್ಲ, ನಿದ್ದೆಯಲ್ಲೇ ತೀರಿಕೊಂಡಿದ್ದ.

ನಡುಮನೆ ಕಾಕಾ ಬಾಳೇಶನ ಪಾಲಿನದು, ಅಣ್ಣ ಇರುವ ತನಕ ಇವರಿಗೆ ಬಿಟ್ಟುಕೊಟ್ಟಿದ್ದ. ಅವನೇನೂ ಕೆಟ್ಟವನಲ್ಲ. ಮಗನ ಮದುವೆ ಗೊತ್ತಾಗಿತ್ತು, ಬರುವ ಸೊಸೆಗೊಂದು ಕೋಣೆ ಬೇಕಿತ್ತು. ಬಾಗಿಲು ಒಡೆಯೋಣವೆಂದರೆ ಅಜ್ಜನ ಕಾಲದ ಮಣ್ಣಿನ ಗೋಡೆ. ಚೌಕಟ್ಟು ಕಿತ್ತರೆ ಹೆಂಚೆಲ್ಲ ತಲೆಯ ಮೇಲೆ. ಕೊನೆಗೆ ಬೆಡ್ಡನ್ನೇ ಕೊಯ್ಯುವುದೆಂದಾಗಿ ರಾಯಪ್ಪನನ್ನು ಕರೆಸಿದ್ದರು.

ಅವನು ಬಗ್ಗಿ ನೋಡಿ, ತಗಡಿನ ಸಂದಿಯಲ್ಲಿ ಕಟ್ಟಿಗೆಯ ಹೊಟ್ಟು ತುಂಬಿದೆ, ಕಿಡಿ ಬಿದ್ದರೆ ಮನೆಗೇ ಬೆಂಕಿ, ಮೊದಲು ತಗಡು ಬಿಚ್ಚು ಎಂದ. ಕಟರು ಹೊತ್ತಿಸಿ ಉರಿ ಹದ ಮಾಡಲು ಅಂಗಳಕ್ಕೆ ಹೋದ.

ಮನಿಷಾ ಮೊದಲ ಸಲ ಬೆಡ್ಡಿನ ಕೆಳಗೆ ನುಸುಳಿದಳು. ತಗಡು ಕಳಚಿ, ಮುಖದ ಮೇಲೆ ಬಿದ್ದ ಹೊಟ್ಟು ಒರೆಸಿಕೊಂಡು ಕಣ್ಣು ತೆರೆದಳು.

ಅಕ್ಕಪಕ್ಕದ ಉದ್ದನೆಯ ಕಬ್ಬಿಣಗಳು ಅಖಂಡವಾಗಿರಲಿಲ್ಲ. ರಾಯಪ್ಪ ಗೆರೆ ಎಳೆದಲ್ಲೇ ಎರಡೂ ತುಂಡಾಗಿದ್ದವು. ರೈಲು ಹಳಿಗಳನ್ನು ಕೂಡಿಸುವ ಹಾಗೆ, ತುಂಡುಗಳ ಒಳಮೈಗೆ ದಪ್ಪ ಪಟ್ಟಿ ಕೊಟ್ಟು ನಾಲ್ಕು ನಾಲ್ಕು ಬೋಲ್ಟು ಬಿಗಿದಿತ್ತು. ಮೇಲಿನ ಹಾಳೆಯೂ ಅಲ್ಲೇ ಎರಡಾಗಿತ್ತು. ಸಂದಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದದ್ದು ಈಗ ತಿಳಿಯಿತು. ಆ ಕಡೆಗೆ ನಾಲ್ಕು ಕಾಲು, ಈ ಕಡೆಗೆ ನಾಲ್ಕು; ಬೋಲ್ಟು ಬಿಚ್ಚಿದರೆ ಒಂದೊಂದು ಅರ್ಧವೂ ಮಗ್ಗುಲಾಗಿ ಬಾಗಿಲು ದಾಟುವಂತಿತ್ತು. ಒಂದು ಬೋಲ್ಟಿಗೂ ತುಕ್ಕು ಹಿಡಿದಿರಲಿಲ್ಲ. ಗ್ರೀಸಿನಲ್ಲಿ ಅಪ್ಪ ಬೆರಳು ಎಳೆದ ಗುರುತು ಹಾಗೆಯೇ ಇತ್ತು.

ಅವಳಿಗೆ ತಡೆಯಲಾರದ ದುಃಖ ಬಂತು. ಅಪ್ಪ ಹೇಳಬಹುದಿತ್ತು. ತಾನಾದರೂ ಕೇಳಬಹುದಿತ್ತು.

“ಕೊಯ್ಯೂಣೇನವಾ?” ಅಂಗಳದಿಂದ ರಾಯಪ್ಪ ಕೇಳಿದ.

“ಬ್ಯಾಡ್ರಿ ರಾಯಪ್ಪ ಕಾಕಾ. ಮೊಳಿಗೆ ಅಪ್ಪನ ಪಾನಾ ಐತಿ, ಅದನ್ನ ಕೊಡ್ರಿ.”

ಉರಿಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ರಾಯಪ್ಪನ ಕೈ ಪಾನಾ ಹಿಡಿದು ಕೆಳಗೆ ಬಂತು. ಮೊದಲ ಬೋಲ್ಟಿಗೆ ಅದನ್ನು ಕೂರಿಸಿ, ಜೋರು ಹಾಕಬೇಕಾದೀತೆಂದು ಅವಳು ಹಲ್ಲು ಕಚ್ಚಿದಳು. ಬೇಕಾಗಲಿಲ್ಲ. ಅದು ಸದ್ದಿಲ್ಲದೆ ಅರ್ಧ ಸುತ್ತು ತಿರುಗಿತು.

ಬಿಚ್ಚುವುದು ಇನ್ನೊಂದು ಗಳಿಗೆ ತಡೆಯಲಿ ಎಂದು ಅವಳು ಅದನ್ನು ಮತ್ತೆ ಮೊದಲಿನಷ್ಟೇ ಬಿಗಿ ಮಾಡಿದಳು. ಪಾನಾವನ್ನು ಎದೆಯ ಮೇಲಿಟ್ಟುಕೊಂಡು ಅಲ್ಲೇ ಮಲಗಿದಳು.